ಅಮೆರಿಕದ ವಿದೇಶಾಂಗ ನಿರ್ಧಾರದ ಜಾಡು ಹಿಡಿಯುವುದು: ನಾನು ಅನುಸರಿಸುವ ಕ್ರಮ

ಅಮೆರಿಕದ ಅಧ್ಯಕ್ಷರು ಏನಾದರೂ ಘೋಷಿಸಿದರೆ ನಾನು ಮೊದಲು ಹುಡುಕುವುದು ಮೂರು ಸಂಗತಿ: ಅದಕ್ಕೆ ಅಧಿಕಾರ ಕೊಟ್ಟ ಕಾನೂನು ಯಾವುದು, ಹಣ ಎಲ್ಲಿಂದ ಬರಬೇಕು, ಯಾವ ಗಡುವು ಶುರುವಾಗಿದೆ. ಇವು ತಿಳಿಯುವ ತನಕ ‘ವಾಷಿಂಗ್ಟನ್ ಹೀಗೆ ನಿರ್ಧರಿಸಿದೆ’ ಎಂದು ಬರೆಯುವುದಿಲ್ಲ. ಶ್ವೇತಭವನ, ವಿದೇಶಾಂಗ ಇಲಾಖೆ, ಪೆಂಟಗನ್, ಖಜಾನೆ ಇಲಾಖೆ, ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಸಮಿತಿಗಳು ಎಲ್ಲವೂ ಬೇರೆ ಬೇರೆ ಬಾಗಿಲು. ಒಂದು ತೆರೆದರೆ ಇನ್ನೊಂದು ತೆರೆಯಬೇಕೆಂದಿಲ್ಲ.

ಮೊದಲು ಅಧಿಕಾರದ ಮೂಲ. ಎರಡು ದೇಶಗಳು ಸಹಿ ಹಾಕಿದ್ದೆಲ್ಲ ಅಲ್ಲಿ ಒಪ್ಪಂದವಾಗುವುದಿಲ್ಲ. ಸಂವಿಧಾನದ ಪ್ರಕಾರ ‘ಟ್ರೀಟಿ’ಗೆ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಹಾಜರಿದ್ದವರ ಮೂರರಲ್ಲಿ ಎರಡು ಭಾಗದ ಒಪ್ಪಿಗೆ ಬೇಕು. ಸಮಗ್ರ ಅಣ್ವಸ್ತ್ರ ಪರೀಕ್ಷಾ ನಿಷೇಧ ಒಪ್ಪಂದ 1999ರಲ್ಲಿ ಅಲ್ಲೇ ಬಿದ್ದುಹೋಯಿತು. ಪರವಾಗಿ 48, ವಿರುದ್ಧವಾಗಿ 51. ಈ ಗೋಡೆ ಇಷ್ಟು ಎತ್ತರ ಇರುವುದರಿಂದಲೇ ಅಧ್ಯಕ್ಷರು ಬಳಸುದಾರಿ ಹಿಡಿಯುತ್ತಾರೆ. 2015ರ ಇರಾನ್ ಪರಮಾಣು ಒಡಂಬಡಿಕೆ ಟ್ರೀಟಿಯಾಗಿ ಸೆನೆಟ್‌ಗೆ ಹೋಗಲಿಲ್ಲ, ಹಾಗಾಗಿ 2018ರ ಮೇ ತಿಂಗಳಲ್ಲಿ ಅದರಿಂದ ಹೊರಬರಲು ಮುಂದಿನ ಅಧ್ಯಕ್ಷರು ಸೆನೆಟ್‌ನ ಅನುಮತಿ ಕೇಳಬೇಕಾಗಲಿಲ್ಲ. ಸುಲಭವಾಗಿ ಕಟ್ಟಿದ್ದು ಸುಲಭವಾಗಿ ಬಿಚ್ಚಿಕೊಳ್ಳುತ್ತದೆ.

ನಿರ್ಬಂಧಗಳಲ್ಲೂ ಇದೇ ಪರೀಕ್ಷೆ. ಅಧ್ಯಕ್ಷರು ಹೊರಡಿಸುವ ಕಾರ್ಯಾದೇಶದ ಮೊದಲ ಪ್ಯಾರಾದಲ್ಲಿ ಯಾವ ಕಾನೂನುಗಳ ಆಧಾರದಲ್ಲಿ ಅದನ್ನು ಹೊರಡಿಸಲಾಗಿದೆ ಎಂದು ಬರೆದಿರುತ್ತದೆ. ಬಹಳ ಜನ ದಾಟಿಹೋಗುವ ಆ ಸಾಲನ್ನೇ ನಾನು ಎರಡು ಸಲ ಓದುತ್ತೇನೆ. 1977ರ ಅಂತಾರಾಷ್ಟ್ರೀಯ ತುರ್ತು ಆರ್ಥಿಕ ಅಧಿಕಾರ ಕಾಯ್ದೆಯೊಂದರ ಮೇಲೆ ನಿಂತ ನಿರ್ಬಂಧವನ್ನು ಅಧ್ಯಕ್ಷರ ಇನ್ನೊಂದು ಸಹಿ ತೆಗೆದುಹಾಕಬಲ್ಲದು. 2017ರ ಕಾಟ್ಸಾ, ಅಂದರೆ ಎದುರಾಳಿ ದೇಶಗಳನ್ನು ನಿರ್ಬಂಧಗಳ ಮೂಲಕ ಎದುರಿಸುವ ಕಾಯ್ದೆ, ಹಾಗಲ್ಲ. ಪ್ರತಿನಿಧಿ ಸಭೆಯಲ್ಲಿ 419–3, ಸೆನೆಟ್‌ನಲ್ಲಿ 98–2 ಮತಗಳಿಂದ ಬಂದ ಆ ಕಾನೂನು, ರಷ್ಯಾ ಮೇಲಿನ ನಿರ್ಬಂಧವನ್ನು ಗಣನೀಯವಾಗಿ ಸಡಿಲಿಸುವ ಮೊದಲು ಕಾಂಗ್ರೆಸ್ಸಿನ ಪರಿಶೀಲನೆಗೆ ಒಪ್ಪಿಸಬೇಕು ಎನ್ನುತ್ತದೆ.

ಇಲ್ಲಿ ಆಗಾಗ ಆಗುವ ತಪ್ಪೊಂದಿದೆ. 2022ರ ಜುಲೈಯಲ್ಲಿ ಪ್ರತಿನಿಧಿ ಸಭೆ ರಕ್ಷಣಾ ಮಸೂದೆಗೆ ತಿದ್ದುಪಡಿಯೊಂದನ್ನು ಒಪ್ಪಿದಾಗ, ರಷ್ಯಾದ ಎಸ್-400 ಕ್ಷಿಪಣಿ ವ್ಯವಸ್ಥೆಯ ಖರೀದಿಗಾಗಿ ಭಾರತಕ್ಕೆ ಕಾಟ್ಸಾ ವಿನಾಯಿತಿ ಸಿಕ್ಕೇಬಿಟ್ಟಿತು ಎಂಬ ಅರ್ಥದ ತಲೆಬರಹಗಳು ಬಂದವು. ಆ ತಿದ್ದುಪಡಿ ಸರ್ಕಾರಕ್ಕೆ ಮಾಡಿದ ಒತ್ತಾಯ ಮಾತ್ರ. ವಿನಾಯಿತಿ ಕೊಡುವ ಅಧಿಕಾರ ಆಗಲೂ ಅಧ್ಯಕ್ಷರ ಕೈಯಲ್ಲೇ ಇತ್ತು. ಮಸೂದೆ ಓದುವಾಗ ‘ಶಲ್’ ಎಂದಿದೆಯೋ ‘ಮೇ’ ಎಂದಿದೆಯೋ, ‘ಸೆನ್ಸ್ ಆಫ್ ಕಾಂಗ್ರೆಸ್’ ಎಂಬ ಶೀರ್ಷಿಕೆ ಇದೆಯೋ ನೋಡಿ. ಮೊದಲನೆಯದು ಕಟ್ಟಳೆ, ಎರಡನೆಯದು ಅವಕಾಶ, ಮೂರನೆಯದು ಬರೀ ಅಭಿಪ್ರಾಯ.

ಸಂಸ್ಥೆಗಳ ಹಗ್ಗಜಗ್ಗಾಟ ಅತ್ಯಂತ ಚೆನ್ನಾಗಿ ಕಾಣುವುದು ಶಸ್ತ್ರಾಸ್ತ್ರ ಮಾರಾಟದಲ್ಲಿ. 1976ರ ಶಸ್ತ್ರಾಸ್ತ್ರ ರಫ್ತು ನಿಯಂತ್ರಣ ಕಾಯ್ದೆಯಂತೆ ನಿಗದಿತ ಮೊತ್ತ ಮೀರಿದ ಮಾರಾಟದ ಸೂಚನೆಯನ್ನು ಕಾಂಗ್ರೆಸ್ಸಿಗೆ ಕೊಡಬೇಕು. ಪ್ರಮುಖ ರಕ್ಷಣಾ ಉಪಕರಣಕ್ಕೆ ಆ ಮಿತಿ 2024ರಲ್ಲಿ ಸಾಮಾನ್ಯವಾಗಿ 1.4 ಕೋಟಿ ಡಾಲರ್ ಇತ್ತು. ಬಳಿಕ 30 ದಿನ ಕಾಯಬೇಕು. ನ್ಯಾಟೊ ದೇಶಗಳಿಗೂ ಜಪಾನ್, ಆಸ್ಟ್ರೇಲಿಯಾ, ದಕ್ಷಿಣ ಕೊರಿಯಾ, ಇಸ್ರೇಲ್, ನ್ಯೂಜಿಲೆಂಡ್‌ಗಳಿಗೂ ಮಿತಿ ಹೆಚ್ಚು, ಕಾಯುವುದು 15 ದಿನ. ಕಾಗದದ ಮೇಲೆ ಕಾಂಗ್ರೆಸ್ ಮಾರಾಟವನ್ನು ತಡೆಯಬಹುದು. ಆದರೆ ಸುಪ್ರೀಂ ಕೋರ್ಟ್ 1983ರಲ್ಲಿ, ಅಧ್ಯಕ್ಷರ ಸಹಿಗೆ ಹೋಗದೆ ಕಾಂಗ್ರೆಸ್ ತಾನೇ ಸರ್ಕಾರದ ನಿರ್ಧಾರವನ್ನು ರದ್ದುಮಾಡುವ ‘ಶಾಸಕಾಂಗ ವೀಟೊ’ ಸಂವಿಧಾನಬಾಹಿರ ಎಂದಿತು. ಅಂದಿನಿಂದ ತಡೆ ನಿರ್ಣಯವನ್ನೂ ಅಧ್ಯಕ್ಷರು ವೀಟೊ ಮಾಡಬಹುದು. ಅದನ್ನು ಮೀರಲು ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಭಾಗ ಬೇಕು. 2019ರಲ್ಲಿ ಸೌದಿ ಮತ್ತು ಯುಎಇ ಮಾರಾಟಗಳ ವಿರುದ್ಧದ ಮೂರು ನಿರ್ಣಯಗಳು ಹೀಗೆಯೇ ಸತ್ತವು.

ಹಾಗಾದರೆ ಕಾಂಗ್ರೆಸ್ಸಿನ ನಿಜವಾದ ಹಿಡಿತ ಎಲ್ಲಿದೆ? ಕಾನೂನಿನಲ್ಲಿ ಬರೆಯದ ಪದ್ಧತಿಯಲ್ಲಿ. ಅಧಿಕೃತ ಸೂಚನೆಗೆ ಮೊದಲು ವಿದೇಶಾಂಗ ಇಲಾಖೆ ಆ ಪ್ರಸ್ತಾವವನ್ನು ಎರಡೂ ಸದನಗಳ ವಿದೇಶಾಂಗ ಸಮಿತಿಗಳಿಗೆ ತೋರಿಸುತ್ತದೆ. ಸಮಿತಿಯ ಅಧ್ಯಕ್ಷರೋ ವಿರೋಧ ಪಕ್ಷದ ಹಿರಿಯ ಸದಸ್ಯರೋ ‘ಹೋಲ್ಡ್’ ಹಾಕಿದರೆ ಕಡತ ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ಇಲಾಖೆ ಇದನ್ನು ಮೀರಬಹುದು, ಮೀರಿದ್ದೂ ಇದೆ. ಆದರೆ ಅದೇ ಸಮಿತಿಯ ಮುಂದೆ ನಾಳೆ ಮತ್ತೆ ನಿಲ್ಲಬೇಕು.

ಇದರಿಂದ ಲೆಕ್ಕಾಚಾರ ಹೇಗೆ? ಭಾರತಕ್ಕೆ ಎಂಕ್ಯೂ-9ಬಿ ಡ್ರೋನ್‌ಗಳ ಮಾತು 2023ರ ಜೂನ್‌ನ ಜಂಟಿ ಹೇಳಿಕೆಯಲ್ಲಿ ಬಂತು. 31 ಡ್ರೋನ್‌ಗಳ ಮಾರಾಟದ ಸೂಚನೆ ಕಾಂಗ್ರೆಸ್ಸಿಗೆ ಹೋದದ್ದು 2024ರ ಫೆಬ್ರವರಿ 1ರಂದು, 399 ಕೋಟಿ ಡಾಲರ್ ಅಂದಾಜಿನಲ್ಲಿ. ಒಪ್ಪಂದಕ್ಕೆ ಸಹಿ ಬಿದ್ದದ್ದು ಅಕ್ಟೋಬರ್‌ನಲ್ಲಿ. ಫೆಬ್ರವರಿಯ ಪ್ರಕಟಣೆಯನ್ನೇ ‘ವ್ಯವಹಾರ ಕುದುರಿತು’ ಎಂದು ಓದಿದವರು ಎಂಟು ತಿಂಗಳು ಮುಂದೆ ಓಡಿದ್ದರು. ಸೂಚನೆಯಲ್ಲಿರುವ ಮೊತ್ತವೂ ಗರಿಷ್ಠ ಅಂದಾಜು, ಅಂತಿಮ ಬೆಲೆಯಲ್ಲ.

ಹಣದ ವಿಷಯದಲ್ಲಿ ನೆನಪಿಡಬೇಕಾದದ್ದು ಒಂದೇ ವ್ಯತ್ಯಾಸ: ಅನುಮೋದನೆ ಬೇರೆ, ವಿನಿಯೋಗ ಬೇರೆ. ರಕ್ಷಣಾ ಅನುಮೋದನಾ ಕಾಯ್ದೆಯಲ್ಲಿ ಮೊತ್ತ ಬರೆದಿದ್ದರೂ ವಿನಿಯೋಗ ಮಸೂದೆ ಪಾಸಾಗದೆ ಹಣ ಹೊರಡುವುದಿಲ್ಲ. ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಅಷ್ಟರಲ್ಲಿ ಮಸೂದೆ ಮುಗಿಯದೆ ತಾತ್ಕಾಲಿಕ ವ್ಯವಸ್ಥೆ ಬಂದರೆ ಹೊಸ ಯೋಜನೆಗಳು ಸಾಮಾನ್ಯವಾಗಿ ಕಾಯುತ್ತವೆ. ಮಂಜೂರಾದ ಹಣವನ್ನು ಶ್ವೇತಭವನ ತಡೆಹಿಡಿಯುವುದಕ್ಕೂ 1974ರ ಕಾಯ್ದೆಯ ಮಿತಿ ಇದೆ. ಉಕ್ರೇನ್‌ಗೆ ಹೋಗಬೇಕಿದ್ದ ಮಿಲಿಟರಿ ನೆರವನ್ನು 2019ರಲ್ಲಿ ತಡೆದದ್ದು ಈ ಕಾಯ್ದೆಯ ಉಲ್ಲಂಘನೆ ಎಂದು ಕಾಂಗ್ರೆಸ್ಸಿನ ಲೆಕ್ಕಪರಿಶೋಧನಾ ಸಂಸ್ಥೆ 2020ರ ಜನವರಿಯಲ್ಲಿ ಹೇಳಿತು.

ಹೊರಗಿನಿಂದ ಕಾಣದ ಭಾಗ ರಾಷ್ಟ್ರೀಯ ಭದ್ರತಾ ಮಂಡಳಿ. 1947ರ ಕಾಯ್ದೆಯಿಂದ ಹುಟ್ಟಿದ ಇದರಲ್ಲಿ ಇಲಾಖೆಗಳ ಉಪಮುಖ್ಯಸ್ಥರ ಸಮಿತಿ, ಅದರ ಮೇಲೆ ಮುಖ್ಯಸ್ಥರ ಸಮಿತಿ ಇರುತ್ತವೆ. ಪ್ರತಿ ಹೊಸ ಅಧ್ಯಕ್ಷರು ಮಂಡಳಿಯ ರಚನೆ ಕುರಿತು ಹೊರಡಿಸುವ ಆದೇಶದಲ್ಲಿ ಯಾರಿಗೆ ಕಾಯಂ ಕುರ್ಚಿ ಇದೆ ಎಂದು ನೋಡಿಟ್ಟುಕೊಳ್ಳುತ್ತೇನೆ.

ಅಭ್ಯಾಸಕ್ಕೆ ಭಾರತ–ಅಮೆರಿಕ ಪರಮಾಣು ಒಪ್ಪಂದಕ್ಕಿಂತ ಒಳ್ಳೆಯ ಕಡತವಿಲ್ಲ. 2005ರ ಜುಲೈ 18ರ ಜಂಟಿ ಹೇಳಿಕೆಯಿಂದ ಶುರುಮಾಡಿ. 2006ರ ಡಿಸೆಂಬರ್‌ನ ಹೈಡ್ ಕಾಯ್ದೆ ಭಾರತದೊಂದಿಗಿನ ಪರಮಾಣು ಸಹಕಾರಕ್ಕೆ 1954ರ ಪರಮಾಣು ಶಕ್ತಿ ಕಾಯ್ದೆಯಲ್ಲಿದ್ದ ಅಡ್ಡಿ ತೆಗೆಯಿತು, ಆದರೆ ಅಂತಿಮ ಒಪ್ಪಂದ ಮತ್ತೆ ತನ್ನ ಮುಂದೆ ಬರಬೇಕು ಎಂಬ ಹಿಡಿತವನ್ನು ಕಾಂಗ್ರೆಸ್ ಬಿಟ್ಟುಕೊಡಲಿಲ್ಲ. 2008ರ ಸೆಪ್ಟೆಂಬರ್ 6ರಂದು, ಪರಮಾಣು ಸಾಮಗ್ರಿಯ ರಫ್ತನ್ನು ನಿಯಂತ್ರಿಸುವ ದೇಶಗಳ ಕೂಟವಾದ ಪರಮಾಣು ಪೂರೈಕೆದಾರರ ಗುಂಪಿನಿಂದ ಭಾರತಕ್ಕೆ ವಿನಾಯಿತಿ. ಅಕ್ಟೋಬರ್ 1ರಂದು ಸೆನೆಟ್‌ನಲ್ಲಿ 86–13. ಅಕ್ಟೋಬರ್ 10ರಂದು ಒಪ್ಪಂದಕ್ಕೆ ಎರಡೂ ದೇಶಗಳ ಸಹಿ. ಪ್ರತಿ ದಿನಾಂಕದ ಎದುರು ಎರಡು ಕಾಲಂ ಹಾಕಿ: ಅಂದು ‘ಇಲ್ಲ’ ಎನ್ನುವ ಅಧಿಕಾರ ಯಾರಿಗಿತ್ತು, ‘ಹೌದು’ ಎನ್ನಲು ಅವರು ಯಾವ ಷರತ್ತು ಬರೆಸಿಕೊಂಡರು. ಎರಡನೇ ಕಾಲಂ ತುಂಬಲು ಕಾಯ್ದೆಗಳ ಮೂಲಪಠ್ಯವನ್ನೇ ತೆರೆಯಬೇಕು. ಪತ್ರಿಕಾ ಹೇಳಿಕೆಗಳಲ್ಲಿ ಅದು ಸಿಗುವುದಿಲ್ಲ.