ರಿಟರ್ನ್ ಪಂಪ್ ನಿಂತಾಗ ಸಂಪ್ ಉಕ್ಕದಂತೆ ನಾನು ಮಾಡಿಕೊಂಡ ವ್ಯವಸ್ಥೆ

ಮೇಲಿನ ಮೀನಿನ ತೊಟ್ಟಿಯಿಂದ ಓವರ್‌ಫ್ಲೋ (ಹೆಚ್ಚಾದ ನೀರು ಹೊರಬೀಳುವ ದಾರಿ) ಮೂಲಕ ಸಂಪ್‌ಗೆ, ಅಂದರೆ ಅದರ ಕೆಳಗಿಟ್ಟ ಎರಡನೆಯ ತೊಟ್ಟಿಗೆ, ಇಳಿಯುವ ನೀರು ಮತ್ತು ಅಲ್ಲಿಂದ ರಿಟರ್ನ್ ಪಂಪ್ ಮೇಲಕ್ಕೆ ಏರಿಸುವ ನೀರು ಸಮನಾಗಿರುವವರೆಗೆ ಎರಡೂ ಕಡೆಯ ಮಟ್ಟ ಕದಲುವುದಿಲ್ಲ. ಪಂಪ್ ನಿಂತ ಕ್ಷಣದಿಂದ ನೀರಿಗೆ ಉಳಿಯುವುದು ಕೆಳಗಿನ ದಾರಿಯೊಂದೇ. ವಿದ್ಯುತ್ ಹೋಗಿರಬಹುದು, ಪಂಪಿನೊಳಗೆ ತಿರುಗುವ ಚಕ್ರಕ್ಕೆ (ಇಂಪೆಲ್ಲರ್) ಏನಾದರೂ ಸಿಕ್ಕಿಕೊಂಡಿರಬಹುದು, ಮೀನುಗಳಿಗೆ ಆಹಾರ ಹಾಕಲೆಂದು ನಾವೇ ನಿಲ್ಲಿಸಿರಬಹುದು. ಕಾರಣ ಯಾವುದಾದರೂ, ಇಳಿದು ಬರುವಷ್ಟು ನೀರಿಗೆ ಸಂಪ್‌ನಲ್ಲಿ ಜಾಗ ಇರಲೇಬೇಕು. ಯಾವ ವಾಲ್ವ್ ಕೈಕೊಟ್ಟರೂ, ಯಾವ ಸ್ವಿಚ್ ಕೆಟ್ಟರೂ ಆ ಜಾಗ ಸಾಕಾಗಬೇಕೆಂಬುದನ್ನು ನಾನು ಮೊದಲೇ ನಿಶ್ಚಯಿಸಿಕೊಂಡು, ಉಳಿದೆಲ್ಲ ಅಳತೆಗಳನ್ನೂ ಅದಕ್ಕೆ ತಕ್ಕಂತೆ ಹೊಂದಿಸಿದೆ.

ನನ್ನ ತೊಟ್ಟಿ 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ. ಅಂದರೆ ಅದರಲ್ಲಿ ನೀರು ಒಂದು ಸೆಂ.ಮೀ. ಇಳಿದರೆ 5.4 ಲೀಟರ್ ಸಂಪ್‌ಗೆ ಬಂತೆಂದು ಅರ್ಥ. ಪಂಪ್ ನಡೆಯುತ್ತಿರುವಾಗ ನೀರಿನ ಮಟ್ಟ ಓವರ್‌ಫ್ಲೋ ಹಲ್ಲುಗಳ (ನೀರು ಹೊರಬೀಳುವ ಅಂಚಿನಲ್ಲಿ ಬಾಚಣಿಗೆಯಂತಿರುವ ಸಂದುಗಳು) ಬುಡಕ್ಕಿಂತ ಸುಮಾರು 2 ಸೆಂ.ಮೀ. ಮೇಲಿರುತ್ತದೆ. ಪಂಪ್ ನಿಂತರೆ ಈ 10.8 ಲೀಟರ್ ಹಲ್ಲುಗಳ ಸಂದಿನಿಂದ ಹರಿದುಹೋಗುವುದು ಖಚಿತ. ಅದನ್ನು ಯಾವ ವಾಲ್ವ್ ಕೂಡ ತಡೆಯಲಾರದು. ಇದರ ಮೇಲೆ ಆ ಹಲ್ಲುಗಳನ್ನು ದಾಟಿದ ನೀರು ಬೀಳುವ ಓವರ್‌ಫ್ಲೋ ಬಾಕ್ಸ್ ಒಳಗೆ ನಿಂತಿರುವ ನೀರು ಬರುತ್ತದೆ. ನನ್ನ ಬಾಕ್ಸ್ 20 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲವಿದ್ದು, ಒಳಗಿನ ನೀರು 25 ಸೆಂ.ಮೀ.ನಷ್ಟು ಇಳಿಯುತ್ತದೆಯಾದ್ದರಿಂದ ಅದು 7.5 ಲೀಟರ್. ಪೈಪ್‌ಗಳಲ್ಲಿರುವುದು ಅಲ್ಪ: 25 ಮಿ.ಮೀ. ಒಳವ್ಯಾಸದ ಪೈಪ್ ಒಂದು ಮೀಟರಿಗೆ ಹೆಚ್ಚುಕಡಿಮೆ ಅರ್ಧ ಲೀಟರ್ ಹಿಡಿಯುತ್ತದೆ. ಎಲ್ಲ ಸೇರಿ ಎರಡು ಲೀಟರ್ ಎಂದು ಇಟ್ಟುಕೊಂಡೆ.

ನಿಜವಾದ ಅಪಾಯವಿರುವುದು ರಿಟರ್ನ್ ಪೈಪಿನಲ್ಲಿ. ಪಂಪ್ ನಿಂತೊಡನೆ ಆ ಪೈಪ್ ಹಿಮ್ಮುಖ ಸೈಫನ್ ಆಗಿ, ಮೇಲೆ ತಳ್ಳಿದ ನೀರನ್ನು ಪಂಪಿನ ಮೂಲಕವೇ ಸಂಪ್‌ಗೆ ಎಳೆದು ಹಾಕುತ್ತದೆ. ತೊಟ್ಟಿಯೊಳಗಿನ ಪೈಪಿನ ತುದಿಯಾದ ನಾಝಲ್‌ನ ಬಾಯಿ ಗಾಳಿಗೆ ತೆರೆದುಕೊಳ್ಳುವವರೆಗೂ ಇದು ನಿಲ್ಲುವುದಿಲ್ಲ. ನಾಝಲ್ ಹಲ್ಲುಗಳ ಬುಡಕ್ಕಿಂತ 15 ಸೆಂ.ಮೀ. ಕೆಳಗಿದ್ದರೆ ಈ ದಾರಿಯೊಂದರಿಂದಲೇ 81 ಲೀಟರ್ ಇಳಿಯುತ್ತದೆ. ಅದೇ ನಾಝಲನ್ನು ಒಂದು ಸೆಂ.ಮೀ. ಕೆಳಗಷ್ಟೇ ಇಟ್ಟರೆ 5.4 ಲೀಟರ್. ನಾಝಲ್ ಆಳದಲ್ಲಿದ್ದರೆ ತಳದ ಕಸ ಕದಲಿ ನೀರು ಚೆನ್ನಾಗಿ ಸುತ್ತುತ್ತದೆ ಎಂಬ ವಾದವಿದೆ, ಅದರಲ್ಲಿ ಹುರುಳೂ ಇದೆ. ಆದರೆ ಆ ಕೆಲಸವನ್ನು ತೊಟ್ಟಿಯೊಳಗೇ ನೀರನ್ನು ಕದಡುವ ಉಪಕರಣವಾದ ವೇವ್‌ಮೇಕರ್ ಯಾವ ಅಪಾಯವೂ ಇಲ್ಲದೆ ಮಾಡುತ್ತದೆ. ಆದ್ದರಿಂದ ನಾನು ನಾಝಲ್ ಬಾಯಿಯ ಮೇಲಂಚನ್ನು ಹಲ್ಲುಗಳ ಬುಡದಿಂದ ಒಂದು ಸೆಂ.ಮೀ. ಕೆಳಕ್ಕೆ, ಅಂದರೆ ಪಂಪ್ ನಡೆಯುವಾಗಿನ ಮಟ್ಟದಿಂದ ಮೂರು ಸೆಂ.ಮೀ. ಕೆಳಕ್ಕೆ ನಿಲ್ಲಿಸಿದೆ.

ಪೈಪನ್ನು ಆಳಕ್ಕೆ ಇಳಿಸಲೇಬೇಕಾದವರು ನೀರಿನ ಮೇಲ್ಮೈಗಿಂತ ತುಸು ಕೆಳಗೆ ಪೈಪಿಗೆ ಸಣ್ಣ ತೂತು ಕೊರೆಯುತ್ತಾರೆ. ಮಟ್ಟ ಆ ತೂತಿನವರೆಗೆ ಇಳಿದಾಗ ಅದರೊಳಗೆ ಗಾಳಿ ನುಗ್ಗಿ ಸೈಫನ್ ಕಡಿಯುತ್ತದೆ. ಉಪಾಯ ಸರಿಯಾದದ್ದೇ, ಆದರೆ ಪಾಚಿ ಬೆಳೆಯಲು ಬೆಳಕೂ ಹರಿವೂ ಇರುವ ಜಾಗವೇ ಅದು. ಸಣ್ಣ ಬಸವನಹುಳುವೊಂದು ಕುಳಿತರೂ ತೂತು ಮುಚ್ಚಿಹೋಗುತ್ತದೆ. ಹಾಗೆ ಮಾಡುವವರು ಒಂದರ ಬದಲು ಎರಡು ತೂತು ಕೊರೆದು, ಗಾಜು ಉಜ್ಜುವಾಗಲೆಲ್ಲ ಅವನ್ನೂ ಬ್ರಷ್‌ನಿಂದ ತೆರವು ಮಾಡಬೇಕು.

ಚೆಕ್ ವಾಲ್ವನ್ನು ನಾನು ಹಾಕಲೇ ಇಲ್ಲ. ಅದು ಹೊಸದಾಗಿದ್ದಾಗ ಹಿಮ್ಮುಖ ಹರಿವನ್ನು ತಡೆಯುತ್ತದೆ. ಕಾಲ ಕಳೆದಂತೆ ಮುಚ್ಚಳದ ಅಂಚಿಗೆ ಸುಣ್ಣ ಕಟ್ಟುತ್ತದೆ, ಮರಳಿನ ಕಣವೋ ಚಿಪ್ಪಿನ ಚೂರೋ ಸಿಕ್ಕಿಕೊಳ್ಳುತ್ತದೆ, ಆಗ ಪೂರ್ತಿ ಮುಚ್ಚದೆ ಮೆಲ್ಲಗೆ ಸೋರತೊಡಗುತ್ತದೆ. ಆಗಾಗ ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿ ತೊಳೆಯುವವರಿಗೆ ಅದು ಉಪಯೋಗಕ್ಕೆ ಬರಬಹುದು. ನನ್ನ ಆಕ್ಷೇಪ ಬೇರೆ. ವಾಲ್ವ್ ಇದೆಯೆಂಬ ಧೈರ್ಯದಲ್ಲಿ ಸಂಪ್‌ನ ಖಾಲಿ ಜಾಗವನ್ನು ಒಂದೊಂದೇ ಸೆಂ.ಮೀ. ತುಂಬಿಸಿಬಿಡುವ ಆಸೆ ಹುಟ್ಟುತ್ತದೆ, ಆಮೇಲೆ ಇಡೀ ಕೋಣೆಯ ನೆಲದ ಭಾರ ಒಂದು ರಬ್ಬರ್ ತುಂಡಿನ ಮೇಲೆ ಬೀಳುತ್ತದೆ.

ಹೀಗೆ ನನ್ನ ಲೆಕ್ಕದಲ್ಲಿ ಇಳಿಯುವ ನೀರು 25.7 ಲೀಟರ್. ಸಂಪ್ 90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರ, ಒಂದು ಸೆಂ.ಮೀ.ಗೆ 3.6 ಲೀಟರ್. ಗಾಜಿನ ತಡೆಗಳು ಅದನ್ನು ಕೋಣೆಗಳಾಗಿ ಭಾಗಿಸುತ್ತವೆ, ಪಂಪ್ ಇರುವುದು ಕೊನೆಯದರಲ್ಲಿ. ಇಲ್ಲಿ ಹಲವರು ಇಳಿಯುವ ನೀರನ್ನು ನೇರವಾಗಿ 3.6ರಿಂದ ಭಾಗಿಸಿ, ಬಂದ ಉತ್ತರವನ್ನು ಪಂಪ್ ಇರುವ ಕೋಣೆಯ ಮಟ್ಟಕ್ಕೆ ಕೂಡಿಸಿ ನಿಶ್ಚಿಂತರಾಗುತ್ತಾರೆ. ಅದು ಸರಿಯಲ್ಲ. ನಡುವಿನ ಗಾಜಿನ ತಡೆಗಳಿಂದಾಗಿ ಮೊದಲಿನ ಕೋಣೆಗಳಲ್ಲಿ ಮಟ್ಟ ಯಾವಾಗಲೂ ತಡೆಯ ಎತ್ತರಕ್ಕೆ, ನನ್ನಲ್ಲಿ 22 ಸೆಂ.ಮೀ.ಗೆ, ಏರಿಯೇ ಇರುತ್ತದೆ. ಪಂಪ್ ಇರುವ ಕೊನೆಯ ಕೋಣೆಯಲ್ಲಿ ಮಾತ್ರ 18 ಸೆಂ.ಮೀ. ಇಳಿದು ಬರುವ ನೀರು ಮೊದಲು ಈ ಕೊನೆಯ ಕೋಣೆಯನ್ನು ತುಂಬುತ್ತದೆ. ಅದು 25 ಸೆಂ.ಮೀ. ಉದ್ದದ್ದಾದ್ದರಿಂದ ನಾಲ್ಕು ಲೀಟರ್‌ಗೇ ತಡೆಯ ಮಟ್ಟ ಮುಟ್ಟುತ್ತದೆ. ಉಳಿದ 21.7 ಲೀಟರ್ ಇಡೀ ಸಂಪ್‌ನಲ್ಲಿ ಹರಡಿ ಆರು ಸೆಂ.ಮೀ. ಏರುತ್ತದೆ. ಒಟ್ಟು 28 ಸೆಂ.ಮೀ.; ಅಂಚಿಗೆ ಇನ್ನೂ 12 ಸೆಂ.ಮೀ. ಬಿಡುವು. ನಾಝಲ್ 15 ಸೆಂ.ಮೀ. ಆಳದಲ್ಲಿದ್ದಿದ್ದರೆ ಇದೇ ಸಂಪ್‌ನಿಂದ ಮೂವತ್ತಕ್ಕೂ ಹೆಚ್ಚು ಲೀಟರ್ ನೆಲಕ್ಕೆ ಹೋಗುತ್ತಿತ್ತು.

ಕಾಗದದ ಮೇಲಿನ ಲೆಕ್ಕ ಎಷ್ಟೇ ಸರಿಯಿದ್ದರೂ ನೀರು ತುಂಬಿಸುವಾಗ ನಾನು ಅದನ್ನು ನೆಚ್ಚಲಿಲ್ಲ. ಮೊದಲು ತೊಟ್ಟಿಯನ್ನು ಹಲ್ಲುಗಳವರೆಗೆ ತುಂಬಿಸಿ, ಪಂಪನ್ನು ಸ್ವಲ್ಪ ಹೊತ್ತು ನಡೆಸಿ ಪೈಪ್‌ಗಳಿಗೆ ನೀರು ಹಿಡಿಸಿ, ಬಳಿಕ ನಿಲ್ಲಿಸಿದೆ. ಇಳಿಯುವುದೆಲ್ಲ ಇಳಿದು ಮಟ್ಟ ಕದಲದೆ ನಿಂತ ಮೇಲೆ, ಪಂಪ್ ನಿಂತಿರುವ ಆ ಸ್ಥಿತಿಯಲ್ಲೇ ಸಂಪ್‌ಗೆ 28 ಸೆಂ.ಮೀ.ವರೆಗೆ ನೀರು ಹಾಕಿ ಅಲ್ಲೊಂದು ಗೆರೆ ಎಳೆದೆ. ಆಮೇಲೆ ಪಂಪ್ ಶುರು ಮಾಡಿ, ಮಟ್ಟ ಸ್ಥಿರವಾದಾಗ ಕೊನೆಯ ಕೋಣೆಯಲ್ಲಿ ಎರಡನೆಯ ಗೆರೆ ಎಳೆದೆ. ದಿನನಿತ್ಯ ನೀರು ಹಾಕುವಾಗ ಮೀರಬಾರದ ಗೆರೆ ಈ ಎರಡನೆಯದು. ಸುರಕ್ಷಿತ ಮಟ್ಟವನ್ನು ಪಂಪ್ ನಿಂತಿರುವಾಗ ನಿರ್ಧರಿಸಬೇಕು, ನಡೆಯುತ್ತಿರುವಾಗ ಅದನ್ನು ಓದಿಕೊಳ್ಳಬೇಕು. ಹೊಸಬರು ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ.

ಒಮ್ಮೆ ಎಳೆದ ಗೆರೆ ಶಾಶ್ವತವಲ್ಲ. ಹಲ್ಲುಗಳ ಸಂದಿಯಲ್ಲಿ ಪಾಚಿ ಬೆಳೆದಂತೆ ಅಷ್ಟೇ ನೀರು ಹಾದುಹೋಗಲು ತೊಟ್ಟಿಯ ಮಟ್ಟ ಇನ್ನಷ್ಟು ಏರಬೇಕಾಗುತ್ತದೆ, ಪಂಪ್ ನಿಂತಾಗ ಆ ಹೆಚ್ಚಿನದೂ ಕೆಳಗೆ ಬರುತ್ತದೆ. ಪಂಪನ್ನು ದೊಡ್ಡದಕ್ಕೆ ಬದಲಾಯಿಸಿದರೂ ಇದೇ ಆಗುತ್ತದೆ. ಆದ್ದರಿಂದ ಹಲ್ಲುಗಳನ್ನು ಉಜ್ಜಿದಾಗ, ನಾಝಲ್ ತಿರುಗಿಸಿದಾಗ, ಪೈಪ್ ಬದಲಿಸಿದಾಗ ಪಂಪ್ ನಿಲ್ಲಿಸಿ ಮೊದಲ ಗೆರೆಯನ್ನು ಮತ್ತೆ ನೋಡುತ್ತೇನೆ.

ಆವಿಯಾದ ನೀರನ್ನು ತಾನಾಗಿ ತುಂಬಿಸುವ ಉಪಕರಣದ ಬಗ್ಗೆ ವಿಶೇಷ ಎಚ್ಚರ ಬೇಕು. ವಿದ್ಯುತ್ ಮರಳಿದಾಗ ಪಂಪ್ ಮೊದಲು ತೊಟ್ಟಿಯನ್ನು ತುಂಬಿಸುತ್ತದೆ. ಓವರ್‌ಫ್ಲೋದಿಂದ ನೀರು ಮರಳಿ ಬರುವ ತನಕ ಕೊನೆಯ ಕೋಣೆಯ ಮಟ್ಟ ಕ್ಷಣಕಾಲ ತೀರಾ ಇಳಿಯಬಹುದು. ಆ ಉಪಕರಣದ ಫ್ಲೋಟ್ ಸ್ವಿಚ್ (ನೀರಿನ ಮಟ್ಟದೊಂದಿಗೆ ಏರಿಳಿಯುವ ತೇಲುವ ಸ್ವಿಚ್) ಅದನ್ನು ಕೊರತೆಯೆಂದು ತಿಳಿದು ಹೊಸ ನೀರು ಸುರಿಯುತ್ತದೆ. ವಿದ್ಯುತ್ ಪದೇಪದೇ ಹೋಗಿಬಂದರೆ ಹೀಗೆ ಸೇರುವ ನೀರು ಸಂಪ್‌ನ ಬಿಡುವನ್ನು ತಿನ್ನುತ್ತಾ ಹೋಗುತ್ತದೆ. ನಾನು ಆ ಉಪಕರಣಕ್ಕೆ ತಡವಾಗಿ ಚಾಲೂ ಆಗುವ ಟೈಮರ್ ಹಾಕಿದ್ದೇನೆ. ಜೊತೆಗೆ ಅದರ ನೀರಿನ ಡಬ್ಬಿಯನ್ನು ಹತ್ತು ಲೀಟರಿಗೆ ಸೀಮಿತಗೊಳಿಸಿದ್ದೇನೆ. ಅದು ಪೂರ್ತಿ ಖಾಲಿಯಾಗಿ ಸಂಪ್‌ಗೆ ಬಂದು ಆಮೇಲೆ ಪಂಪ್ ನಿಂತರೂ ಮಟ್ಟ 31 ಸೆಂ.ಮೀ. ದಾಟುವುದಿಲ್ಲ. ಸಂಪ್‌ನ ಮೇಲಂಚಿನ ಬಳಿ ಇನ್ನೊಂದು ಫ್ಲೋಟ್ ಸ್ವಿಚ್ ಇದೆ. ಅದು ಹೊಸ ನೀರನ್ನು ಮಾತ್ರ ನಿಲ್ಲಿಸುತ್ತದೆ. ರಿಟರ್ನ್ ಪಂಪನ್ನು ನಿಲ್ಲಿಸುವಂತೆ ಅದನ್ನು ಜೋಡಿಸಲೇಬಾರದು, ಏಕೆಂದರೆ ಸಂಪ್ ತುಂಬಿರುವಾಗ ಪಂಪ್ ನಿಲ್ಲಿಸಿದರೆ ಮೇಲಿನ ನೀರೂ ಬಂದು ಸೇರುತ್ತದೆ.

ಸಮುದ್ರ ನೀರಿನ ತೊಟ್ಟಿಯವರು ಪ್ರೋಟೀನ್ ಸ್ಕಿಮ್ಮರ್‌ಗೂ (ನೀರಿನ ಕಶ್ಮಲವನ್ನು ನೊರೆಯಾಗಿಸಿ ಕಪ್‌ಗೆ ತೆಗೆಯುವ ಉಪಕರಣ) ಇಂಥದೇ ಟೈಮರ್ ಇಡುವುದು ಒಳ್ಳೆಯದು. ಸಂಪ್‌ನ ಮಟ್ಟ ಏರಿರುವಾಗ ಅದು ಚಾಲೂ ಆದರೆ ನೊರೆಯ ಬದಲು ನೀರೇ ಕಪ್‌ಗೆ ಉಕ್ಕುತ್ತದೆ, ಕಪ್‌ನ ಕೊಳವೆ ಹೊರಗಿನ ಬಾಟಲಿಗೆ ಹೋಗುತ್ತಿದ್ದರೆ ಅದು ತುಂಬಿ ನೆಲಕ್ಕೆ ಹರಿಯುತ್ತದೆ. ಪವರ್ ಸ್ಟ್ರಿಪ್ಪನ್ನು ಸಂಪ್‌ನ ಅಂಚಿಗಿಂತ ಸಾಕಷ್ಟು ಮೇಲೆ, ಪಕ್ಕದ ಗೋಡೆಗೆ ಬಿಗಿದಿದ್ದೇನೆ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಕ್ಕೆ ಬಾಗಿ ಬಳಿಕ ಮೇಲೇರುತ್ತದೆ, ಹಾಗಾಗಿ ವೈರಿನ ಮೇಲೆ ಇಳಿದು ಬರುವ ಹನಿ ಸಾಕೆಟ್ ತಲುಪದೆ ಆ ಬಾಗಿನಲ್ಲೇ ಕೆಳಗೆ ಬೀಳುತ್ತದೆ.