ಬೋನಾಳ ಕೆರೆಗೆ 77 ಸಾಕು

ಕಳೆದ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಬೋನಾಳ ಕೆರೆಯ ಏರಿಯ ಮೇಲೆ ನಿಂತು, ಪಟ್ಟೆತಲೆ ಹೆಬ್ಬಾತಿನ ಹಸಿರು ಕೊರಳಪಟ್ಟಿಯಲ್ಲಿದ್ದ ಮೂರೂ ಬಿಳಿ ಅಕ್ಷರಗಳನ್ನು ಓದಿದೆ. ಅಂದಾಜು ಮುನ್ನೂರು ಮೀಟರ್ ದೂರ. ಮಂಗೋಲಿಯಾದಲ್ಲಿ ಬಾತುಗಳಿಗೆ ತೊಡಿಸುವಂಥ ಪಟ್ಟಿ ಅದು. ನನ್ನದು 77 ಮಿ.ಮೀ. ಸ್ಕೋಪ್, ಅಂದರೆ ಮುಂದಿನ ಮಸೂರ ಅಷ್ಟು ಅಗಲವಿರುವ, ಹಕ್ಕಿ ನೋಡುವ ದೂರದರ್ಶಕ. ಪಕ್ಕದಲ್ಲಿ 95 ಮಿ.ಮೀ. ಸ್ಕೋಪ್ ನಿಲ್ಲಿಸಿಕೊಂಡಿದ್ದ ಗೆಳೆಯರಿಗೆ ಎರಡೇ ಅಕ್ಷರ ಸಿಕ್ಕಿದ್ದವು. "77 ಕೊಂಡು ಆಮೇಲೆ ಪೇಚಾಡಬೇಡಿ ಸರ್" ಎಂದು ಎರಡು ವರ್ಷ ನನ್ನನ್ನು ಚುಚ್ಚಿದವರು ಇವರೇ.

ಮೊದಲ ಏಟು ಬಿದ್ದದ್ದು ಹದಿನೆಂಟು ಸಾವಿರದ ಸ್ಕೋಪಿನಿಂದ. ಡಬ್ಬಿಯ ಮೇಲೆ 60 ಪಟ್ಟು ಎಂದಿತ್ತು. 30 ದಾಟಿದರೆ ಬೆಳ್ಳಕ್ಕಿಗೆ ನೇರಳೆ ಅಂಚು ಬರುತ್ತಿತ್ತು. ಕಾಲಿನ ಬಣ್ಣ ಗೊತ್ತಾಗದೆ ಲಿಟಲ್ ಸ್ಟಿಂಟ್, ಟೆಮ್ಮಿಂಕ್ಸ್ ಸ್ಟಿಂಟ್ ಎಂಬ ಪುಟ್ಟ ಕೆಸರುಹಕ್ಕಿಗಳೆರಡೂ ಒಂದೇ ಹಕ್ಕಿಯಾಗಿದ್ದವು. ಒಂದು ಮಳೆಗಾಲಕ್ಕೇ ಒಳಗೆ ಬೂಷ್ಟು ಹಿಡಿಯಿತು. ಕೊನೆಗೆ ನಾಲ್ಕು ಸಾವಿರಕ್ಕೆ ದಾಟಿಸಿದೆ.

ಆಮೇಲೆ 95ರ ಹುಚ್ಚು. ಗೆಳೆಯರಿಂದ ಒಂದು ವಾರ ಎರವಲು ತಂದೆ. ಬೆಳಿಗ್ಗೆ ಏಳಕ್ಕೆ ಅದರ ನೋಟ ನಿಜಕ್ಕೂ ಅಮೃತ, ಸುಳ್ಳು ಹೇಳಲಾರೆ. ಆದರೆ ನಮ್ಮ ಎರೆ ಹೊಲಗಳ ಮೇಲೆ ಒಂಬತ್ತೂವರೆಯಾಯಿತೆಂದರೆ ಗಾಳಿ ಅನ್ನದ ಎಸರಿನಂತೆ ಕುದಿಯುತ್ತದೆ. 70 ಪಟ್ಟಿನಲ್ಲಿ ಸೆಳೆವ ಎಂಬ ಬೇಟೆಹಕ್ಕಿಯ ರೆಕ್ಕೆ ನೀರಲ್ಲಿ ತೊಯ್ದ ಕಾಗದದಂತೆ ಅಲುಗುತ್ತಿತ್ತು. 35ಕ್ಕೆ ಇಳಿಸಿದಾಗಲೇ ಹಕ್ಕಿ ಹಕ್ಕಿಯಾಗಿ ಕಂಡಿತು. ದಿನದ ಹೆಚ್ಚು ಹೊತ್ತು 35ರಲ್ಲೇ ನೋಡುವುದಾದರೆ, ಎರಡು ಕಿಲೋಗೂ ಮೀರಿದ ಈ ಗುಂಡುಕಲ್ಲನ್ನು ಕಲಬುರಗಿಯಿಂದ ನೂರು ಕಿಲೋಮೀಟರ್ ಏಕೆ ಹೊರಬೇಕು?

ಕೊವಾ ಕಂಪನಿಯ 77, ಮೇಲಿನಿಂದ ಓರೆಯಾಗಿ ಬಗ್ಗಿ ನೋಡುವಂಥದ್ದು, 25ರಿಂದ 60 ಪಟ್ಟಿನ ಕಣ್ಣುಮಸೂರದೊಂದಿಗೆ ಹೈದರಾಬಾದಿನಲ್ಲಿ ಬಳಸಿದ್ದು ಸಿಕ್ಕಿತು. ಒಂದು ಲಕ್ಷ ಮೂವತ್ತೈದು ಸಾವಿರ, ಐನೂರು ಆಚೀಚೆ. ಮನೆಯಲ್ಲಿ ಒಂದು ವಾರ ಮಾತಿರಲಿಲ್ಲ. ಅದಕ್ಕೂ ಮೊದಲು ಬೇರೊಬ್ಬರ ಬಳಿ ಅದೇ ಮಾದರಿ ಹತ್ತು ಸಾವಿರ ಕಡಿಮೆಗೆ ಇತ್ತು, ನೋಡಿ ಬಿಟ್ಟುಬಂದೆ. ಮುಂಜಾನೆ ನೂರು ಮೀಟರ್ ಆಚೆ ಬೈಕು ನಿಲ್ಲಿಸಿ, ಅದರ ಕನ್ನಡಿಯಲ್ಲಿ ಮಿಂಚುವ ಬೆಳಕಿನ ಚುಕ್ಕೆಗೆ ಸ್ಕೋಪ್ ಹಿಡಿದೆ. ಫೋಕಸ್ ಚಕ್ರವನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಸ್ವಲ್ಪವೇ ತಪ್ಪಿಸಿದರೆ ಉಂಗುರಗಳು ಎರಡೂ ಕಡೆ ದುಂಡಗೆ ಕಾಣಬೇಕು. ಆ ಅಗ್ಗದ ಸ್ಕೋಪಿನಲ್ಲಿ ಅವು ಒಂದು ಬದಿಗೆ ಜೋತಿದ್ದವು. ಹೆಸರು ಎಷ್ಟೇ ದೊಡ್ಡದಿರಲಿ, ಕೈಗೆ ಬಂದ ಪೀಸನ್ನು ನೋಡದೆ ಹಣ ಕೊಡಬಾರದು.

95 ಕೊಳ್ಳದೆ ಉಳಿಸಿದ ಹಣದಲ್ಲಿ ಮೂವತ್ತು ಸಾವಿರದಷ್ಟನ್ನು ಟ್ರೈಪಾಡಿಗೂ, ಸ್ಕೋಪನ್ನು ನಯವಾಗಿ ತಿರುಗಿಸುವ ಫ್ಲೂಯಿಡ್ ಹೆಡ್‌ಗೂ ಸುರಿದೆ. ಆಗಲೂ ಗೆಳೆಯರು ನಕ್ಕರು. ಕೊರಳಪಟ್ಟಿ ಓದಿದ ದಿನ ಏರಿಯ ಮೇಲೆ ಗಾಳಿ ಜೋರಾಗಿತ್ತು. ಗೆಳೆಯರ ಹಗುರ ಕಾಲುಗಳು ತಂತಿಯಂತೆ ಮಿಡಿಯುತ್ತಿದ್ದವು. ನನ್ನದರ ನಡುಕೋಲಿಗೆ ಕಲ್ಲು ತುಂಬಿದ ಜೋಳದ ಚೀಲ ನೇತಾಡುತ್ತಿತ್ತು. ಪಟ್ಟಿ ಓದಿದ್ದು 45 ಪಟ್ಟಿನ ಆಸುಪಾಸಿನಲ್ಲಿ.

ನಡುವೆ ಕೆಲವು ಹುಚ್ಚಾಟಗಳೂ ನಡೆದವು. ಕಾರಿನೊಳಗಿಂದ ನೋಡಿದರೆ ಆರಾಮ ಎಂದುಕೊಂಡೆ. ಬಿಸಿ ಬಾನೆಟ್ಟೇ ಅರ್ಧ ಕುದಿತಕ್ಕೆ ಕಾರಣವಾಯಿತು. ಟ್ರೈಪಾಡಿನ ಮುಂದೆ ಒದ್ದೆ ಗೋಣಿಚೀಲ ಹಾಸಿದೆ. ಲಾಭವಾದದ್ದು ನನ್ನ ಪಾದಗಳಿಗೆ ಮಾತ್ರ. ಹೊಲದ ಮೇಲಿಂದ ನೋಡುವ ಬದಲು ನೀರಿನ ಮೇಲಿಂದಲೇ ನೋಟ ಹಾಯುವಂತೆ ನಿಂತರೆ ಇನ್ನೊಂದು ಗಂಟೆ ಸ್ಪಷ್ಟ ನೋಟ ಸಿಗುತ್ತದೆ, ಅದು ಖರೆ. ಮೊಬೈಲ್ ಕೂರಿಸಲು ಪಿವಿಸಿ ಪೈಪಿನ ಮುಚ್ಚಳ ಕೊರೆದು ಮಾಡಿದ ಹಿಡಿಕೆಗೆ ಎಂಬತ್ತು ರೂಪಾಯಿ ಖರ್ಚಾಯಿತು. ಚಿತ್ರದ ಮೂಲೆ ಈಗಲೂ ಕಪ್ಪೇ.

ಬೋನಾಳದಲ್ಲಿ ನಾನು ನಿಲ್ಲುವ ಜಾಗ ಯಾವುದೆಂದು ಗೆಳೆಯರು ಮೂರು ಸಲ ಫೋನ್ ಮಾಡಿ ಕೇಳಿದ್ದಾರೆ. ಕಲ್ಲಿನ ಚೀಲದ ಗುಟ್ಟು ಹೇಳಿದ್ದೇನೆ, ಜಾಗದ್ದು ಹೇಳಿಲ್ಲ.