ಹಳದಿ ವಜ್ರಕ್ಕೆ ಮತ್ತೆ ಸಾಣೆ: ನನ್ನ ಅನುಭವ

"ತೂಕ ಹೋದರೆ ದುಡ್ಡು ಹೋದ ಹಾಗೆ" ಎಂದು ಜೊತೆಯವರೆಲ್ಲ ಹೆದರಿಸಿದ್ದರು. ಈಗ ಸುಮ್ಮನಾಗಿದ್ದಾರೆ. ಬಣ್ಣ ಗಾಢವಾಗಿ ಕಾಣಲಿ ಎಂದು ಒಟ್ಟು ಆರು ಹಳದಿ ವಜ್ರವನ್ನು ಮತ್ತೆ ಸಾಣೆಗೆ ಹಾಕಿಸಿದೆ. ಮೂರು ಕೈಕೊಟ್ಟವು, ಮೂರು ಕೈಹಿಡಿದವು. ಎಲ್ಲ ಕಳೆದು ಕೂಡಿದರೆ ಹಾಕಿದ್ದರ ಮೇಲೆ ಹೆಚ್ಚುಕಮ್ಮಿ ಕಾಲು ಭಾಗ ಲಾಭ ಉಳಿಯಿತು.

ಮೊದಲನೆಯದು ಒಂದೂವರೆ ಕ್ಯಾರೆಟ್‌ನ ದುಂಡು ಕಲ್ಲು, ವೈ-ಝಡ್ ಬಣ್ಣ, ಅಂದರೆ ಬಿಳಿ ವಜ್ರದ ಡಿ-ಯಿಂದ ಝಡ್‌ವರೆಗಿನ ಪಟ್ಟಿಯ ಕೊನೆಯದು. ಬಿಳಿ ಎಂದು ಮಾರಲು ಹಳದಿ ಜಾಸ್ತಿ, ಫ್ಯಾನ್ಸಿ (ಬಣ್ಣದ ವಜ್ರದ ದರ್ಜೆ) ಎನ್ನಲು ಕಮ್ಮಿ. ಹಾಗಾಗಿ ಅಗ್ಗಕ್ಕೆ ಸಿಕ್ಕಿತು. ಅದನ್ನು ಮೂಲೆ ಕತ್ತರಿಸಿದ ಚೌಕದ ಆಕಾರಕ್ಕೆ, ಅಂದರೆ ರೇಡಿಯಂಟ್, ಮಾಡಿಸಿದೆ. ಫ್ಯಾನ್ಸಿ ಲೈಟ್ (ತಿಳಿ ಫ್ಯಾನ್ಸಿ) ಅಂತ ಲ್ಯಾಬ್ ವರದಿ ಬಂತು, ಆದರೆ ತೂಕ 0.98! ಒಂದು ಕ್ಯಾರೆಟ್ ತುಂಬಿದರೆ ಬೆಲೆ ಜಿಗಿಯುತ್ತದೆ, ಆ ಮೆಟ್ಟಿಲಿಂದ ಕೆಳಗೆ ಬಿದ್ದದ್ದಕ್ಕೆ ಬಣ್ಣದಲ್ಲಿ ಗೆದ್ದದ್ದೆಲ್ಲ ಹೋಯಿತು. ದುಂಡನ್ನು ಚೌಕ ಮಾಡಲು ಹೋದರೆ ಮೂರನೇ ಒಂದು ಪಾಲು ಪುಡಿಯಾಗುತ್ತದೆ. ಅದು ನನಗೆ ಗೊತ್ತಿರಲಿಲ್ಲ ಎಂದಲ್ಲ, ಆಸೆ.

ಎರಡನೆಯದರಲ್ಲಿ ಹಳದಿ ಬಲ್ಬಿನ ಕೆಳಗೆ ಕೊಂಡು ಮೋಸಹೋದೆ. ಸಾಣೆ ಮುಗಿದ ಮೇಲೆ ಬಣ್ಣ ಗಾಢವಾಯಿತು ನಿಜ, ಜೊತೆಗೆ ಅಡಗಿದ್ದ ಕಂದು ಕೂಡ ಎದ್ದು ಬಂತು. ವರದಿಯಲ್ಲಿ 'ಬ್ರೌನಿಶ್' ಎಂಬ ಒಂದೇ ಪದ, ಕೊಂಡ ಬೆಲೆಯೂ ಹುಟ್ಟಲಿಲ್ಲ. ಮೂರನೆಯದಕ್ಕೆ ಜೋರು ನೀಲಿ ಫ್ಲೋರೆಸೆನ್ಸ್, ಅಂದರೆ ಅತಿನೇರಳೆ ಬೆಳಕು ಬಿದ್ದರೆ ನೀಲಿಯಾಗಿ ಹೊಳೆಯುವ ಗುಣ, ಇತ್ತು. ಬಿಸಿಲಿಗೆ ಹಿಡಿದರೆ ಆ ನೀಲಿ ಹಳದಿಯನ್ನು ತಿಂದುಹಾಕುತ್ತಿತ್ತು. ದರ್ಜೆ ಒಂದು ಕೂದಲೂ ಅಲುಗಲಿಲ್ಲ.

ಆಮೇಲೆ ದುಂಡು ಕಲ್ಲಿನ ಸಹವಾಸ ಬಿಟ್ಟೆ. ಹಳೆಯ ಒಡವೆಯಿಂದ ಬಿಚ್ಚಿದ, ಹೊಟ್ಟೆ ದಪ್ಪಗಿರುವ, ನಡುವೆ ಬಣ್ಣ ಸತ್ತಿರುವ ಕುಶನ್‌ಗಳನ್ನೇ (ಮೂಲೆ ದುಂಡಗಿರುವ ಚೌಕ ಕಲ್ಲು) ಹುಡುಕಿದೆ. ಅಂಚಿನಲ್ಲಿ ಬಣ್ಣ ತುಂಬಿದ್ದು ನಡುವೆ ನೀರಾಗಿದ್ದರೆ ತಪ್ಪು ಕಲ್ಲಿನದಲ್ಲ, ಕಟ್‌ನದು. ಫ್ಯಾನ್ಸಿ ದರ್ಜೆ ಕೊಡುವುದು ಮುಖ ಮೇಲೆ ಮಾಡಿ ನೋಡಿಯೇ ಅಲ್ವಾ? ಹಾಗಾಗಿ ಬೆಳಕು ಒಳಗೆ ಇನ್ನೊಂದು ಸುತ್ತು ಸುತ್ತಿ ಹೊರಬರಬೇಕು. ಪೆವಿಲಿಯನ್, ಅಂದರೆ ಕಲ್ಲಿನ ಕೆಳಭಾಗದ, ಕೋನ ಎಷ್ಟಿಟ್ಟೆವು ಎಂದು ಕೇಳಬೇಡಿ. ಅದು ನನ್ನ ಮತ್ತು ಸಾಣೆಯವನ ನಡುವಿನ ಮಾತು.

ಹೀಗೆ ಸಾಣೆ ಹಿಡಿಸಿದ ಮೂರು ಕುಶನ್‌ಗೂ ತೂಕ ಹೋದದ್ದು ಹತ್ತು-ಹನ್ನೆರಡು ಪರ್ಸೆಂಟ್ ಅಷ್ಟೇ. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು 3.4 ಕ್ಯಾರೆಟ್‌ನದು. 3.05ಕ್ಕೆ ನಿಲ್ಲಿಸಿದೆವು. ಫ್ಯಾನ್ಸಿ ಇದ್ದದ್ದು ಅದಕ್ಕಿಂತ ಗಾಢ ದರ್ಜೆಯಾದ ಫ್ಯಾನ್ಸಿ ಇಂಟೆನ್ಸ್ ಆಯಿತು, ಕ್ಯಾರೆಟ್ ಬೆಲೆ ಒಂದೂಮುಕ್ಕಾಲು ಪಟ್ಟು ಆಯಿತು. ವಿಟೆಲ್ಸ್‌ಬಾಕ್ ನೀಲಿ ವಜ್ರವನ್ನು 2008ರಲ್ಲಿ ಕೊಂಡ ಲಂಡನ್ನಿನ ವಜ್ರ ವ್ಯಾಪಾರಿ ಲಾರೆನ್ಸ್ ಗ್ರಾಫ್ ಅದನ್ನು 35.56ರಿಂದ 31.06 ಕ್ಯಾರೆಟ್‌ಗೆ ಇಳಿಸಿದಾಗಲೂ ಜನ ಬೈದಿದ್ದರು. ಆದರೆ ದರ್ಜೆಯಿಂದ 'ಗ್ರೇಯಿಶ್' (ಬೂದು ಛಾಯೆ) ಪದ ಹೋಯಿತಲ್ಲ! ನಾನು ಮಾಡಿದ್ದೂ ಅದನ್ನೇ, ಸಣ್ಣದಾಗಿ.

ಆದರೆ ಇದು ಹಳದಿಯ ಲೆಕ್ಕ. ಕೆಂಪು ವಜ್ರಕ್ಕೆ ಒಂದು ಕ್ಯಾರೆಟ್ ತುಂಬದಿದ್ದರೂ ಬೆಲೆ ಬರಬಹುದು. 1987ರಲ್ಲಿ ಹರಾಜಾದ ಹ್ಯಾನ್‌ಕಾಕ್ ರೆಡ್ ಬರೀ 0.95 ಕ್ಯಾರೆಟ್, ಆದರೂ ಕ್ಯಾರೆಟ್ ಬೆಲೆಯಲ್ಲಿ ದಾಖಲೆ ಮಾಡಿತು.

ನಡುವೆ ಒಂದು ಹುಚ್ಚೂ ಮಾಡಿದೆ. ಊಸರವಳ್ಳಿ ವಜ್ರ, ಅಂದರೆ ಕಮೀಲಿಯನ್, ಒಂದನ್ನು ಎರಡು ದಿನ ಕತ್ತಲೆ ಡಬ್ಬಿಯಲ್ಲಿಟ್ಟೆ. ತೆಗೆದಾಗ ಹಳದಿ. ನೋಡನೋಡುತ್ತಲೇ ಮತ್ತೆ ಪಾಚಿ ಹಸಿರಿಗೆ ತಿರುಗಿತು. ಅದನ್ನು ಸಾಣೆಗೆ ಕೊಡುವ ಧೈರ್ಯ ಬರಲಿಲ್ಲ. ಇನ್ನೂ ಡಬ್ಬಿಯಲ್ಲೇ ಇದೆ.